ಸೀಟು ಡಿಕ್ಕಿಯಲ್ಲಿತ್ತು, ಕೂಸು ತೊಡೆ ಮೇಲಿತ್ತು

ತಪ್ಪು ನಮ್ಮದೇ ಅಂತ ಮೊದಲೇ ಒಪ್ಪಿಕೊಂಡು ಈ ಲೇಖನ ಶುರು ಮಾಡ್ತೀವಿ.

ನಾವು ಫಸ್ಟ್ ಇಯರ್‌ನಲ್ಲಿದ್ದಾಗಿನ ಮಾತು. ನಮ್ಮ ಗುಂಪಿನ ಗೆಳೆಯನೊಬ್ಬನ ಊರು ಕಮಲಾಪುರ. ಅವನ ಅಕ್ಕ ಬೆಂಗಳೂರಿನಿಂದ ತವರಿಗೆ ಬರೋರಿದ್ದರು, ಜೊತೆಗೆ 14 ತಿಂಗಳ ಮಗಳು. ರಾತ್ರಿಯಿಡೀ ರೈಲಿನಲ್ಲಿ ಕೂಸನ್ನು ಸಂಭಾಳಿಸೋದು ಕಷ್ಟ ಅಂತ ವಿಮಾನದ ಟಿಕೆಟ್ ಮಾಡಿಸಿದ್ದರು. ಕರೆತರೋಕೆ ಗೆಳೆಯನೊಬ್ಬನೇ ಹೋದರೆ ಸಾಕಿತ್ತು. ಆದರೆ ನಮ್ಮಲ್ಲಿ ಇಬ್ಬರು ಅಲ್ಲಿಯವರೆಗೆ ವಿಮಾನವನ್ನು ಹತ್ತಿರದಿಂದ ನೋಡಿದವರೇ ಅಲ್ಲ. 'ನಾವೂ ಬರ್ತೀವಿ' ಅಂತ ಹತ್ತಿಕೊಂಡ್ವಿ. ಹೀಗಾಗಿ ಬಾಡಿಗೆ ಕಾರಿನ ಹಿಂದಿನ ಸೀಟು ಹೋಗುವಾಗಲೇ ಫುಲ್ ಆಗಿತ್ತು.

ಅಕ್ಕ ಹೊರಗೆ ಬಂದಾಗ ಟ್ರಾಲಿ ಮೇಲೆ ಒಂದು ಸೂಟ್‌ಕೇಸು, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿದ ದೊಡ್ಡ ಬುಟ್ಟಿಯಂಥದ್ದೇನೋ ಇತ್ತು. ನೋಡಿದರೆ ಕಾರಿನಲ್ಲಿ ಮಕ್ಕಳನ್ನು ಕೂರಿಸೋ ಸೀಟು. ನಮಗೆ ನಗು ಬಂತು. 'ಅಕ್ಕಾ, ಇದನ್ಯಾಕ ಹೊತ್ಕೊಂಡ್ ಬಂದಿ? ಮನ್ಯಾಗ ಎತ್ಕೊಳ್ಳೋರು ಹತ್ತು ಮಂದಿ ಅದಾರ' ಅಂದ ಗೆಳೆಯ. ಡ್ರೈವರ್ ಅಣ್ಣ, 'ಹಿಂದ ಜಾಗ ಎಲ್ಲದರಿ? ಡಿಕ್ಕಿಯಾಗ ಹಾಕ್ರಿ, ಇಲ್ಲೇ ಹತ್ತರ ಅದ' ಅಂದ. ಅಕ್ಕ ಒಂದು ಸಲ ಹಿಂದಿನ ಸೀಟು ನೋಡಿದರು, ಒಂದು ಸಲ ನಮ್ಮನ್ನು ನೋಡಿದರು. ಏನೂ ಹೇಳಲಿಲ್ಲ. ನಾವು ಮೂವರು ಹಿಂದೆ ಕೂತ್ವಿ. ಅಕ್ಕನಿಗೆ ಆರಾಮಾಗಲಿ, ಎಸಿ ಗಾಳಿ ಬರಲಿ ಅಂತ ಮುಂದಿನ ಸೀಟು ಬಿಟ್ಟುಕೊಟ್ವಿ. ದೊಡ್ಡ ಮರ್ಯಾದೆ ತೋರಿಸಿದ್ವಿ ಅಂತ ಆಗ ನಮ್ಮ ಭಾವನೆ.

ಹುಮನಾಬಾದ್ ರಿಂಗ್ ರೋಡ್ ದಾಟಿ ಹೆದ್ದಾರಿ ಹಿಡಿದ್ವಿ. ಮಹಾಗಾಂವ ಕ್ರಾಸ್ ಹತ್ತಿರ ಒಂದು ಟ್ರ್ಯಾಕ್ಟರ್ ಸಿಗ್ನಲ್ಲೂ ಇಲ್ಲ, ಕೈಯೂ ಇಲ್ಲ, ಸೀದಾ ಬಲಕ್ಕೆ ತಿರುಗಿತು. ಡ್ರೈವರ್ ಅಣ್ಣ ಬ್ರೇಕ್ ಒತ್ತಿದ. ಕಾರು ನಿಂತಿತು, ಯಾರಿಗೂ ಗುದ್ದಲಿಲ್ಲ. ಆದರೆ ಅಕ್ಕನ ತೊಡೆ ಮೇಲಿದ್ದ ಕೂಸು ಜಾರಿ ಹೋಗಿ ಡ್ಯಾಶ್‌ಬೋರ್ಡಿಗೆ ಹಣೆ ಬಡಿಸಿಕೊಂಡಿತು. ಒಂದು ಕ್ಷಣ ಸದ್ದೇ ಇಲ್ಲ. ಆಮೇಲೆ ಅಳು. ಕಮಲಾಪುರ ಮುಟ್ಟುವಷ್ಟರಲ್ಲಿ ಹಣೆ ಮೇಲೆ ಬೋರೆಹಣ್ಣಿನ ಗಾತ್ರದ ಬುಗುಟು. ಡಾಕ್ಟರು ನೋಡಿ 'ಏನೂ ಆಗಿಲ್ಲ, ಎರಡು ದಿನ ನಿಗಾ ಇಡಿ' ಅಂದರು. ಕೂಸು ಸಂಜೆಗೆಲ್ಲ ನಗ್ತಾ ಆಡಿಕೊಂಡಿತ್ತು. ನಮಗೆ ಮಾತ್ರ ಆವತ್ತಿನ ಊಟ ಸೇರಲಿಲ್ಲ. ಆ ಸೀಟು ಅಷ್ಟೂ ಹೊತ್ತು ನಮ್ಮ ಬೆನ್ನ ಹಿಂದೆಯೇ, ಒಂದು ಮಾರು ದೂರದಲ್ಲಿ, ಡಿಕ್ಕಿಯೊಳಗೆ ಇತ್ತು.

ರಾತ್ರಿ ಅಕ್ಕ ಒಂದು ಮಾತು ಹೇಳಿದರು: 'ನಾನು ಬೆಂಗಳೂರಿನಿಂದ ಪ್ಲೇನ್ ಬಗ್ಗೆನೇ ಹೆದರಿಕೊಂಡಿದ್ದೆ. ಅದರಲ್ಲಿ ಈ ಸೀಟು ಹಾಕಬಹುದಿತ್ತಾ ಅಂತ ಯೋಚಿಸ್ತಾ ಬಂದೆ. ಇಳಿದ ಮೇಲೆ ಮರೆತೇ ಬಿಟ್ಟೆ.' ಈ ಲೇಖನ ಹುಟ್ಟಿದ್ದು ಆ ಮಾತಿನಿಂದ. ಅಕ್ಕನ ಪ್ರಶ್ನೆಗೆ ಉತ್ತರ ಹುಡುಕ್ತಾ ಓದಿದ್ವಿ, ಲೆಕ್ಕ ಹಾಕಿದ್ವಿ. ಚೈಲ್ಡ್ ರಿಸ್ಟ್ರೇಂಟ್ ಸಿಸ್ಟಮ್ ಅನ್ನೋ ಉದ್ದದ ಹೆಸರು ಬೇಡ. ನಾವು ಇಲ್ಲಿ 'ಕೂಸಿನ ಸೀಟು' ಅಂತಲೇ ಕರೀತೀವಿ.

ತೊಡೆ ಯಾಕೆ ಸಾಲಲ್ಲ?

ಫಿಸಿಕ್ಸ್ ಸೈಕಲ್‌ನಲ್ಲಿ ಓದಿದ್ದು ಇಲ್ಲಿ ಕೆಲಸಕ್ಕೆ ಬರುತ್ತೆ. ಮಗುವಿನ ತೂಕ 10 ಕೆ.ಜಿ. ಅಂದುಕೊಳ್ಳಿ. ಜೋರಾಗಿ ಬ್ರೇಕ್ ಹಾಕಿದಾಗ ಕಾರಿನ ಡಿಸೆಲರೇಶನ್ ಸುಮಾರು 0.8 ಜಿ. ಅಂದರೆ ಮಗುವನ್ನು ಹಿಡಿದಿಡೋಕೆ ಬೇಕಾದ ಬಲ ಸುಮಾರು 8 ಕೆ.ಜಿ. ತೂಕ ಎತ್ತಿದಷ್ಟು. ಇದು ಯಾವ ತಾಯಿಗೂ ಕಷ್ಟವಲ್ಲ, ಮೊದಲೇ ಗೊತ್ತಿದ್ದರೆ. ಗೊತ್ತಿರೋದಿಲ್ಲ ಅನ್ನೋದೇ ಸಮಸ್ಯೆ. ಆವತ್ತು ನಮ್ಮ ಕಾರಿನಲ್ಲಿ ಆಗಿದ್ದು ಇಷ್ಟೇ, ಬರೀ ಬ್ರೇಕ್.

ಈಗ ಗುದ್ದಿದ್ದರೆ? ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ 13.9 ಮೀಟರ್. ಕಾರು ಏನಕ್ಕೋ ಬಡಿದು 0.1 ಸೆಕೆಂಡಿನಲ್ಲಿ ನಿಂತರೆ ಡಿಸೆಲರೇಶನ್ 139, ಅಂದರೆ ಸುಮಾರು 14 ಜಿ. 10 ಕೆ.ಜಿ. ಮಗುವನ್ನು ಆಗ ಹಿಡಿದುಕೊಳ್ಳೋಕೆ 1,390 ನ್ಯೂಟನ್ ಬಲ ಬೇಕು, ಹೆಚ್ಚೂಕಡಿಮೆ 140 ಕೆ.ಜಿ. ತೂಕ. ನಮ್ಮ ಕಡೆ ಲೆಕ್ಕದಲ್ಲಿ ಹೇಳೋದಾದರೆ ಒಂದು ಕ್ವಿಂಟಲ್ ತೊಗರಿ ಚೀಲ, ಅದರ ಮೇಲೆ ಇನ್ನೂ 40 ಕೆ.ಜಿ. ಎಪಿಎಂಸಿಯ ಹಮಾಲಿ ಕೂಡ ಇದನ್ನು ಎರಡು ಕೈಯಲ್ಲಿ, ಅದೂ ಕಣ್ಣು ಮಿಟುಕಿಸೋದ್ರೊಳಗೆ, ತಡೀಲಾರ. ತಾಯಿ ಪ್ರೀತಿಗೆ ಇಲ್ಲಿ ಏನೂ ಕೊರತೆ ಇಲ್ಲ. ಕೊರತೆ ಇರೋದು ಕೈಗಳ ಬಲಕ್ಕೆ.

ತಾಯಿ ಬೆಲ್ಟ್ ಹಾಕದಿದ್ದರೆ ಇನ್ನೂ ಕೆಟ್ಟದ್ದು. ಮಗು ಡ್ಯಾಶ್‌ಬೋರ್ಡಿಗೂ ತಾಯಿಯ 55-60 ಕೆ.ಜಿ. ಮೈಗೂ ನಡುವೆ ಸಿಗುತ್ತೆ. ಒಂದೇ ಬೆಲ್ಟನ್ನು ಇಬ್ಬರಿಗೂ ಸೇರಿಸಿ ಹಾಕಿದರೂ ಅದೇ ಕಥೆ, ತಾಯಿಯ ಭಾರವೆಲ್ಲ ಬೆಲ್ಟಿನ ಮೂಲಕ ಮಗುವಿನ ಹೊಟ್ಟೆ ಮೇಲೆ. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಬೇರೆ. 2022 ಬಂದಾಗಿನಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯ. ಅದು ದೊಡ್ಡವರಿಗೆ ಅಂತ ಮಾಡಿದ್ದು, ಕಣ್ಣು ಮಿಟುಕಿಸೋದಕ್ಕಿಂತ ಬೇಗ ಬಿಚ್ಚಿಕೊಳ್ಳುತ್ತೆ. 2024ರ ಡಿಸೆಂಬರ್‌ನಲ್ಲಿ ನವಿ ಮುಂಬೈನಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದ 6 ವರ್ಷದ ಹುಡುಗನೊಬ್ಬ ಏರ್‌ಬ್ಯಾಗ್ ಹೊಡೆತಕ್ಕೆ ತೀರಿಕೊಂಡ ಸುದ್ದಿ ನೀವೂ ಓದಿರಬಹುದು. ನಾವು ಮರ್ಯಾದೆ ಅಂತ ಅಕ್ಕನಿಗೆ ಬಿಟ್ಟುಕೊಟ್ಟಿದ್ದು ಕಾರಿನಲ್ಲಿ ಕೂಸಿಗೆ ಎಲ್ಲಕ್ಕಿಂತ ಅಪಾಯದ ಜಾಗವನ್ನ.

ಕೂಸಿನ ಸೀಟು ಮಾಡೋದು ದೊಡ್ಡ ಮ್ಯಾಜಿಕ್ ಏನಲ್ಲ. ಎರಡು ಭುಜ, ಎರಡು ಸೊಂಟ, ಕಾಲುಗಳ ನಡುವೆ ಒಂದು ಅಂತ ಐದು ಕಡೆ ಪಟ್ಟಿ ಹಾಕಿ, ಹೊಡೆತವನ್ನು ಮೈಯ ಗಟ್ಟಿ ಭಾಗಗಳಿಗೆ ಹಂಚುತ್ತೆ. ಸೀಟನ್ನು ಕಾರಿನ ಬೆಲ್ಟ್ ಅಥವಾ ಐಸೋಫಿಕ್ಸ್ ಕೊಂಡಿ ಕಾರಿನ ಬಾಡಿಗೇ ಕಟ್ಟಿ ಹಾಕುತ್ತೆ. ಎಳೆಮಕ್ಕಳಿಗೆ ಹಿಂದಕ್ಕೆ ಮುಖ ಮಾಡಿ ಕೂರಿಸ್ತಾರೆ. ಅವರ ತಲೆ ಮೈಗಿಂತ ಭಾರ ಅನ್ನೋ ಹಾಗಿರುತ್ತೆ, ಕುತ್ತಿಗೆ ಇನ್ನೂ ಎಳಸು. ಮುಖ ಹಿಂದಕ್ಕಿದ್ದರೆ ಹೊಡೆತವನ್ನು ಕುತ್ತಿಗೆಯೊಂದೇ ಅಲ್ಲ, ಇಡೀ ಬೆನ್ನು ತಗೊಳ್ಳುತ್ತೆ. ಸ್ಟ್ರೆಸ್ ಅಂದರೆ ಬಲವನ್ನು ಏರಿಯಾದಿಂದ ಭಾಗಿಸಿದ್ದು. ಏರಿಯಾ ಹೆಚ್ಚಿಸಿದರೆ ಸ್ಟ್ರೆಸ್ ಕಡಿಮೆ. ಅಷ್ಟೇ.

ವಿಮಾನದಲ್ಲಿ ಏನು ಕಥೆ?

ಕಲಬುರಗಿ ಏರ್‌ಪೋರ್ಟ್ ಉದ್ಘಾಟನೆ ಆಗಿದ್ದು 2019ರ ನವೆಂಬರ್ 22ರಂದು. ಉಡಾನ್ ಯೋಜನೆಯಲ್ಲಿ ಇಲ್ಲಿಗೆ ಬಂದವು ಸಣ್ಣ ವಿಮಾನಗಳೇ. 50 ಸೀಟಿನ ಎಂಬ್ರೇರ್ ಇಆರ್‌ಜೆ-145, 70 ಸೀಟಿನ ಪ್ರೊಪೆಲ್ಲರ್ ಎಟಿಆರ್-72. ಬೆಂಗಳೂರು ವಿಮಾನ ಯಾವ ದಿನ ಇರುತ್ತೆ, ಯಾವ ದಿನ ಇರಲ್ಲ ಅನ್ನೋದು ಈ ಊರಿನ ಖಾಯಂ ಚರ್ಚೆ, ಅದನ್ನ ಇಲ್ಲಿ ಎತ್ತಲ್ಲ. ಬಂದಾಗ ಅದರಲ್ಲಿ ಕೂಸುಗಳು ಹೇಗೆ ಬರ್ತವೆ ಅನ್ನೋದು ನಮ್ಮ ಪ್ರಶ್ನೆ.

ಎರಡು ವರ್ಷ ತುಂಬದ ಮಗುವಿಗೆ ವಿಮಾನದಲ್ಲಿ ಬೇರೆ ಸೀಟು ತಗೊಳ್ಳಲೇಬೇಕು ಅಂತಿಲ್ಲ. ತೊಡೆ ಮೇಲೆ ಕೂರಿಸಿಕೊಳ್ಳಬಹುದು. ಗಗನಸಖಿ ಬಂದು ಒಂದು ಪುಟ್ಟ ಬೆಲ್ಟ್ ಕೊಡ್ತಾರೆ, ಅದನ್ನ ನಮ್ಮ ಬೆಲ್ಟಿನೊಳಗೆ ತೂರಿಸಿ ಮಗುವಿನ ಸೊಂಟಕ್ಕೆ ಹಾಕಬೇಕು. ತಮಾಷೆ ಏನಂದರೆ ಯುರೋಪಿನಲ್ಲಿ ತೊಡೆ ಮೇಲಿನ ಮಗುವಿಗೆ ಈ ಬೆಲ್ಟ್ ಬೇಕೇ ಬೇಕು, ಅಮೆರಿಕದಲ್ಲಿ ಟೇಕಾಫ್, ಲ್ಯಾಂಡಿಂಗ್ ಹೊತ್ತಿನಲ್ಲಿ ಇದನ್ನ ಹಾಕೋ ಹಾಗೇ ಇಲ್ಲ. ಗುದ್ದಿದಾಗ ದೊಡ್ಡವರ ಭಾರ ಮಗುವಿನ ಮೇಲೆ ಬೀಳುತ್ತೆ ಅನ್ನೋದು ಅವರ ವಾದ. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಹೇಳೋದು ಒಂದೇ: ತೊಡೆ ಮೇಲೆ ಕೂರಿಸೋಕೆ ಅನುಮತಿ ಇದೆ, ಆದರೆ ಎಲ್ಲಕ್ಕಿಂತ ಸುರಕ್ಷಿತ ಅಂದರೆ ಒಪ್ಪಿಗೆ ಪಡೆದ ಕೂಸಿನ ಸೀಟು.

ಹಾಗಾದರೆ ಕಾರಿನ ಸೀಟನ್ನ ಸಣ್ಣ ವಿಮಾನದಲ್ಲಿ ಕೂರಿಸಬಹುದಾ? ಬಹುದು, ಆದರೆ ಎಲ್ಲವನ್ನೂ ಅಲ್ಲ. ಮಗುವಿಗೆ ಸ್ವಂತ ಟಿಕೆಟ್ ಇರಬೇಕು, ವಿಮಾನದ ಕಂಪನಿ ಒಪ್ಪಬೇಕು. ಸೀಟಿನ ಮೇಲೆ 'ಕಾರಿಗೂ ವಿಮಾನಕ್ಕೂ ಆಗುತ್ತೆ' ಅನ್ನೋ ಅರ್ಥದ ಲೇಬಲ್ ಇರಬೇಕು, ಅಮೆರಿಕದ ಸೀಟುಗಳಲ್ಲಿ ಇದು ಕೆಂಪು ಅಕ್ಷರದಲ್ಲಿರುತ್ತೆ. ಅಗಲ 16 ಇಂಚು ಮೀರದಿದ್ದರೆ ಹೆಚ್ಚಿನ ವಿಮಾನಗಳ ಸೀಟಿನಲ್ಲಿ ಕೂರುತ್ತೆ. ಕಾರಿನಲ್ಲಿ ಬೆಲ್ಟಿಗೆ ಮೂರು ಪಾಯಿಂಟ್, ವಿಮಾನದಲ್ಲಿ ಸೊಂಟದ ಬೆಲ್ಟ್ ಒಂದೇ, ಐಸೋಫಿಕ್ಸ್ ಕೊಂಡಿ ಇಲ್ಲವೇ ಇಲ್ಲ. ಹಾಗಾಗಿ ಸೊಂಟದ ಬೆಲ್ಟಿನಲ್ಲೇ ಕಟ್ಟಬಹುದಾದ ಸೀಟು ಬೇಕು. ಭುಜದ ಬೆಲ್ಟನ್ನೇ ನಂಬಿಕೊಂಡಿರೋ ಬೂಸ್ಟರ್ ಇಲ್ಲಿ ಕೆಲಸಕ್ಕೆ ಬರಲ್ಲ.

ಇನ್ನು ಜಾಗ. ತುರ್ತಾಗಿ ಇಳಿಯುವಾಗ ಯಾರ ದಾರಿಗೂ ಅಡ್ಡ ಆಗಬಾರದು ಅಂತ ಕೂಸಿನ ಸೀಟನ್ನ ಕಿಟಕಿ ಪಕ್ಕ ಹಾಕಿಸ್ತಾರೆ, ಎಮರ್ಜೆನ್ಸಿ ಬಾಗಿಲ ಸಾಲಿನಲ್ಲಿ ಹಾಕೋ ಹಾಗಿಲ್ಲ. ಎಟಿಆರ್‌ನಲ್ಲಿ ಎರಡು-ಎರಡು ಸೀಟಿನ ಸಾಲು, ಕಿಟಕಿ ಕಡೆ ಕೂಸು, ಪಕ್ಕದಲ್ಲಿ ಅವ್ವ. ಇಆರ್‌ಜೆ-145ರಲ್ಲಿ ಒಂದು ಕಡೆ ಎರಡು ಸೀಟು, ಇನ್ನೊಂದು ಕಡೆ ಒಂದೇ ಸೀಟು. ಆ ಒಂಟಿ ಸೀಟಿನಲ್ಲಿ ಕೂಸಿನ ಸೀಟು ಯಾರಿಗೂ ಅಡ್ಡವಲ್ಲ, ಆದರೆ ಅವ್ವ ನಡೆಯೋ ದಾರಿಯ ಆಚೆ ಕೂರಬೇಕಾಗುತ್ತೆ. ಅದಕ್ಕಿಂತ ಎರಡು ಸೀಟಿನ ಕಡೆ ಕೇಳಿ ತಗೊಳ್ಳೋದೇ ವಾಸಿ. ಹಿಂದಕ್ಕೆ ಮುಖ ಮಾಡೋ ಸೀಟಾದರೆ ಮುಂದಿನವರು ತಮ್ಮ ಸೀಟು ವಾಲಿಸೋಕಾಗಲ್ಲ, ಒಂದು ಸಾರಿ ಕೇಳಬೇಕು. ಕಾರಿನ ಸೀಟು ಹೊರೋದು ಬೇಡ ಅನ್ನೋರಿಗೆ ಕೇರ್ಸ್ ಅನ್ನೋ ಪಟ್ಟಿ ಇದೆ. ಅದನ್ನ ವಿಮಾನದ ಸೀಟಿನ ಬೆನ್ನಿಗೇ ಸುತ್ತಿ ಕಟ್ಟಬಹುದು. ಸುಮಾರು 10ರಿಂದ 20 ಕೆ.ಜಿ. ತೂಕದ ಮಕ್ಕಳಿಗೆ ಎಫ್‌ಎಎ ಒಪ್ಪಿದೆ. ಆದರೆ ಅದು ವಿಮಾನಕ್ಕೆ ಮಾತ್ರ, ಕಾರಿಗಲ್ಲ.

ವಿಮಾನದಲ್ಲಿ ಹೆಚ್ಚಾಗಿ ಆಗೋದು ಕ್ರ್ಯಾಶ್ ಅಲ್ಲ, ಜೋಲಿ. ಟರ್ಬ್ಯುಲೆನ್ಸ್‌ನಲ್ಲಿ ವಿಮಾನ ತಟ್ಟನೆ ಕೆಳಗೆ ಬಿದ್ದರೆ ಬೆಲ್ಟ್ ಇಲ್ಲದವರು ಮೇಲೆ ಹೋಗ್ತಾರೆ. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟ ದೊಡ್ಡ ವಿಮಾನದಲ್ಲೇ ಹೀಗಾಗಿ ಒಬ್ಬರು ತೀರಿಕೊಂಡರು, ಹಲವರಿಗೆ ಗಾಯ. ನಮ್ಮ ಕಡೆ ಏಪ್ರಿಲ್-ಮೇ ಮಧ್ಯಾಹ್ನದ ಬಿಸಿಲು ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ. ಕಾದ ನೆಲದಿಂದ ಏಳೋ ಗಾಳಿ ಸಣ್ಣ ವಿಮಾನವನ್ನು ಇಳಿಯುವಾಗ ಚೆನ್ನಾಗಿ ಕುಲುಕಿಸುತ್ತೆ. ತೊಡೆ ಮೇಲಿನ ಕೂಸು ಮಲಗಿದ್ದರೂ ಆ ಹೊತ್ತಿಗೆ ಗಟ್ಟಿಯಾಗಿ ಹಿಡ್ಕೊಂಡಿರಬೇಕು.

ಒಬ್ಬ ಗಗನಸಖಿಯ ಮೂವತ್ತು ವರ್ಷ

ಈ ಚರ್ಚೆಗೆ ಒಂದು ದೊಡ್ಡ ಕಥೆ ಇದೆ. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ 232 ಅನ್ನೋ ವಿಮಾನ ಹೈಡ್ರಾಲಿಕ್ಸ್ ಪೂರ್ತಿ ಕಳಕೊಂಡು ರನ್‌ವೇ ಮೇಲೆ ಅಪ್ಪಳಿಸಿತು. ಅದರಲ್ಲಿದ್ದ 296 ಜನರಲ್ಲಿ 112 ಜನ ಸತ್ತರು. ತೊಡೆ ಮೇಲೆ ನಾಲ್ಕು ಮಕ್ಕಳಿದ್ದವು. ಆಗಿನ ಪದ್ಧತಿಯ ಪ್ರಕಾರ ಮುಖ್ಯ ಗಗನಸಖಿ ಜ್ಯಾನ್ ಬ್ರೌನ್, ಮಕ್ಕಳನ್ನು ನೆಲದ ಮೇಲೆ ಮಲಗಿಸಿ ಕೈಯಿಂದ ಒತ್ತಿ ಹಿಡೀರಿ ಅಂತ ತಂದೆತಾಯಿಗಳಿಗೆ ಹೇಳಿದರು. ದೊಡ್ಡವರಿಗೆ ಬೆಲ್ಟ್, ಕೂಸಿಗೆ ನೆಲ. ಒಂದು ಮಗು ಉಳಿಯಲಿಲ್ಲ. ಆ ತಾಯಿಯ ಮುಖ ಬ್ರೌನ್ ಅವರನ್ನು ಬಿಡಲಿಲ್ಲ. ಪ್ರತಿ ಮಗುವಿಗೂ ಸೀಟು ಕೊಡಿ ಅಂತ ಅವರು ದಶಕಗಳ ಕಾಲ ಸರ್ಕಾರದ ಬಾಗಿಲು ತಟ್ಟಿದರು. ಅಲ್ಲಿನ ಅಪಘಾತ ತನಿಖಾ ಮಂಡಳಿ ಎನ್‌ಟಿಎಸ್‌ಬಿ ಕೂಡ ಅದನ್ನೇ ಮತ್ತೆ ಮತ್ತೆ ಹೇಳ್ತಾ ಬಂದಿದೆ. 2024ರ ಜನವರಿಯಲ್ಲಿ ಅಲಾಸ್ಕಾ ಏರ್‌ಲೈನ್ಸ್ ವಿಮಾನದ ಬಾಗಿಲಿನ ಭಾಗವೊಂದು ಆಕಾಶದಲ್ಲೇ ಕಿತ್ತು ಹೋದಾಗಲೂ ಒಳಗೆ ತೊಡೆ ಮೇಲಿನ ಮಕ್ಕಳಿದ್ದರು.

ಆದರೂ ಅಮೆರಿಕ ಕಡ್ಡಾಯ ಮಾಡಲಿಲ್ಲ. 2005ರಲ್ಲಿ ಎಫ್‌ಎಎ ಆ ನಿಯಮದ ಪ್ರಸ್ತಾವವನ್ನೇ ಕೈಬಿಟ್ಟಿತು. ಮೊದಲ ಸಲ ಓದಿದಾಗ ನಮಗೆ ಸಿಟ್ಟು ಬಂತು, ಕಂಪನಿಗಳ ದುಡ್ಡಿನ ಲೆಕ್ಕ ಇರಬೇಕು ಅಂದುಕೊಂಡ್ವಿ. ಕಾರಣ ಓದಿದ ಮೇಲೆ ಸುಮ್ಮನಾದ್ವಿ. 2003ರಲ್ಲಿ ಮಕ್ಕಳ ವೈದ್ಯರೇ ಸೇರಿ ಮಾಡಿದ ಒಂದು ಅಧ್ಯಯನದ ಪ್ರಕಾರ, ಕಡ್ಡಾಯ ಮಾಡಿದರೆ ವಿಮಾನದಲ್ಲಿ ವರ್ಷಕ್ಕೆ ಉಳಿಯೋದು ಸರಾಸರಿ 0.4 ಜೀವ, ಅಂದರೆ ಐದು ವರ್ಷಕ್ಕೆ ಎರಡು. ಆದರೆ ಮಗುವಿಗೂ ಟಿಕೆಟ್ ತಗೊಳ್ಳಬೇಕಾದರೆ ಕೆಲವು ಕುಟುಂಬಗಳು ವಿಮಾನ ಬಿಟ್ಟು ಕಾರಿನಲ್ಲಿ ಹೊರಡ್ತಾವೆ. ನೂರಕ್ಕೆ 5ರಿಂದ 10 ಕುಟುಂಬ ಹಾಗೆ ಬದಲಾಯಿಸಿದರೂ ಸಾಕು, ವಿಮಾನದಲ್ಲಿ ಉಳಿದ ಜೀವಕ್ಕಿಂತ ರಸ್ತೆಯಲ್ಲಿ ಹೋಗೋ ಜೀವ ಜಾಸ್ತಿ. ಯಾಕಂದರೆ ವಿಮಾನಕ್ಕಿಂತ ರಸ್ತೆ ಅಷ್ಟೊಂದು ಅಪಾಯ.

ನಮ್ಮ ಊರಿಗೆ ಈ ಅಂಕಿ ಹಾಗೇ ಅನ್ವಯ ಆಗಲ್ಲ. ಬೆಂಗಳೂರಿಗೆ ನಮಗೆ ರೈಲೂ ಇದೆ. ಆದರೆ ಆ ಅಧ್ಯಯನದ ತಿರುಳು ನಮಗೂ ಅನ್ವಯ ಆಗುತ್ತೆ: ವಿಮಾನದ ಪ್ರಯಾಣದಲ್ಲಿ ಅಪಾಯದ ಭಾಗ ವಿಮಾನ ಅಲ್ಲ, ಇಳಿದ ಮೇಲಿನದು.

ಇಳಿದ ಮೇಲಿನ ದಾರಿ

ಯೋಚನೆ ಮಾಡಿ. ವಿಮಾನದಲ್ಲಿ ಟ್ರೇ ಟೇಬಲ್ ಮಡಚಿದ್ದೀರಾ ಅಂತ ಬಂದು ನೋಡ್ತಾರೆ. ಕಿಟಕಿ ತೆರೆಸ್ತಾರೆ. ಕೂಸಿನ ಬೆಲ್ಟ್ ಎಳೆದು ನೋಡ್ತಾರೆ. 12 ವರ್ಷದೊಳಗಿನ ಮಕ್ಕಳನ್ನು ತಂದೆತಾಯಿಯರಲ್ಲಿ ಒಬ್ಬರ ಪಕ್ಕದಲ್ಲೇ ಕೂರಿಸಬೇಕು ಅಂತ 2024ರ ಏಪ್ರಿಲ್‌ನಲ್ಲಿ ಡಿಜಿಸಿಎ ವಿಮಾನ ಕಂಪನಿಗಳಿಗೆ ಹೇಳಿದೆ. ಇಷ್ಟೆಲ್ಲ ಶಿಸ್ತಿನಿಂದ ಕೂಸನ್ನು ಕಲಬುರಗಿಗೆ ತಂದಿಳಿಸ್ತಾರೆ. ಅಲ್ಲಿಂದ ಹೊರಗೆ ಬಂದ ಹತ್ತೇ ನಿಮಿಷಕ್ಕೆ ಅದೇ ಕೂಸು ಬೆಲ್ಟಿಲ್ಲದ ತೊಡೆ ಮೇಲೆ, ಡ್ಯಾಶ್‌ಬೋರ್ಡಿನ ಎದುರು, ಗಂಟೆಗೆ 80 ಕಿ.ಮೀ. ಸ್ಪೀಡಿನಲ್ಲಿ. ಅದೂ ಯಾವ ರೋಡಿನಲ್ಲಿ? 2022ರ ಜೂನ್ 3ರಂದು ಕಮಲಾಪುರದ ಹೊರವಲಯದಲ್ಲಿ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಗೂಡ್ಸ್ ವಾಹನಕ್ಕೆ ಗುದ್ದಿ, ಹೊತ್ತಿ ಉರಿದು, ಕನಿಷ್ಠ 7 ಜನ ಸತ್ತರು. ಆ ಬೆಂಕಿಯಲ್ಲಿ ಯಾವ ಸೀಟೂ ಯಾರನ್ನೂ ಉಳಿಸ್ತಿರಲಿಲ್ಲ, ಅದು ನಮಗೆ ಗೊತ್ತು. ನಾವು ಹೇಳೋದು ಇಷ್ಟೇ: 'ಇಲ್ಲೇ ಹತ್ತರ ಅದ' ಅನ್ನೋ ಮಾತನ್ನ ಆಡೋ ರೋಡು ಇದಲ್ಲ. ಇಡೀ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ.

ಕಾನೂನು ಇಲ್ಲ ಅನ್ನೋ ಹಾಗೂ ಇಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಪ್ರಕಾರ 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟ್ ಅಥವಾ ಕೂಸಿನ ಸೀಟಿನಿಂದ ಭದ್ರ ಮಾಡದೆ ಗಾಡಿ ಓಡಿಸಿದರೆ 1,000 ರೂಪಾಯಿ ದಂಡ. ಬೈಕಿಗೂ ನಿಯಮ ಇದೆ. 9 ತಿಂಗಳಿಂದ 4 ವರ್ಷದ ಮಗುವಿಗೆ ಹೆಲ್ಮೆಟ್ಟು, ಓಡಿಸೋರಿಗೆ ಸೇರಿಸಿ ಕಟ್ಟೋ ಹಾರ್ನೆಸ್ಸು, 40 ಕಿ.ಮೀ. ಮೀರದ ಸ್ಪೀಡು. ಇದು 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಸೂಪರ್ ಮಾರ್ಕೆಟ್ ಹತ್ತಿರ ಒಂದು ಸಂಜೆ ನಿಂತು ನೋಡಿ. ಪೆಟ್ರೋಲ್ ಟ್ಯಾಂಕ್ ಮೇಲೆ ಕೂತ ಎಷ್ಟು ಮಕ್ಕಳು ಹೋಗ್ತವೆ, ಅದರಲ್ಲಿ ಎಷ್ಟಕ್ಕೆ ಹೆಲ್ಮೆಟ್ ಇದೆ ಅಂತ ಎಣಿಸಿ. ಹಾರ್ನೆಸ್ ಎಣಿಸೋಕೆ ಒಂದು ಕೈಯ ಬೆರಳೂ ಬೇಕಾಗಲ್ಲ. ದಂಡಕ್ಕೆ ಹೆದರಿ ಹೆಲ್ಮೆಟ್ ಹಾಕೋ ಅಪ್ಪ, ತನ್ನ ತಲೆ ಉಳಿಸ್ಕೊಂಡು ಮಗುವಿನ ತಲೆ ಗಾಳಿಗೆ ಬಿಟ್ಟಿರ್ತಾನೆ.

'ನಮ್ಮನ್ನೇನು ಕಾರ್ ಸೀಟಲ್ಲಿ ಬೆಳೆಸಿದ್ರಾ? ನಾವು ಬದುಕಿಲ್ವಾ?' ಅಂತ ನೀವು ಕೇಳಬಹುದು. ಈ ಪ್ರಶ್ನೆಯನ್ನ ನಾವೂ ಕೇಳಿದ್ವಿ. ಉತ್ತರ ಸಿಂಪಲ್: ಬದುಕಿದವರು ಮಾತ್ರ ಈ ಪ್ರಶ್ನೆ ಕೇಳೋಕೆ ಉಳಿದಿರ್ತಾರೆ. ನಾವು ಚಿಕ್ಕವರಿದ್ದಾಗ ಹೆದ್ದಾರಿ ಇಷ್ಟು ನುಣುಪಾಗಿರಲಿಲ್ಲ, ಕಾರುಗಳು ಇಷ್ಟು ಸ್ಪೀಡೂ ಇರಲಿಲ್ಲ. ಚಲನಶಕ್ತಿ ಸ್ಪೀಡಿನ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. 40ರಿಂದ 80ಕ್ಕೆ ಹೋದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ದುಬಾರಿ ಅನ್ನೋದು ಎರಡನೇ ಮಾತು. ಅದು ನಿಜ. ಒಂದು ಸಾಧಾರಣ ಕೂಸಿನ ಸೀಟಿಗೇ ಐದಾರು ಸಾವಿರ ಆಗುತ್ತೆ. ವರ್ಷಕ್ಕೆ ಎರಡು ಸಲ ಬಾಡಿಗೆ ಕಾರು ಮಾಡೋ ಮನೆಯವರು ಇದನ್ನ ಕೊಳ್ಳಲಿ ಅಂತ ಹಾಸ್ಟೆಲ್ಲಿನಲ್ಲಿ ಕೂತು ಹೇಳೋದು ನಮಗೆ ಸರಿ ಕಾಣಲ್ಲ. ಬೈಕಿನಲ್ಲೇ ಓಡಾಡೋ ಮನೆಗೆ ಕಾರ್ ಸೀಟಿನ ಉಪದೇಶ ಇನ್ನೂ ಅಸಂಬದ್ಧ. ಅದಕ್ಕೇ ದುಡ್ಡಿಲ್ಲದ ಕೆಲಸದಿಂದ ಶುರು ಮಾಡೋಣ.

ಮೊದಲನೇದು: ಹಿಂದಿನ ಸೀಟಿನ ಬಕಲ್ ಹುಡುಕೋದು. ಆವತ್ತು ವಾಪಸ್ ಬರುವಾಗ ನಾವು ಕೂಸಿನ ಸೀಟು ಬಿಡಿ, ನಮ್ಮ ಬೆಲ್ಟ್ ಹಾಕೋಕೆ ಹೊರಟ್ವಿ. ಬೆಲ್ಟ್ ಬಂತು, ಬಕಲ್ ಇಲ್ಲ. ಹೊಸ ಸೀಟ್ ಕವರ್ ಹಾಕಿಸುವಾಗ ಅದನ್ನ ಕೆಳಗೆ ಹೂತುಬಿಟ್ಟಿದ್ದರು. ಡ್ರೈವರ್ ಅಣ್ಣನಿಗೂ ಅದು ಎಲ್ಲಿದೆ ಅಂತ ಗೊತ್ತಿರಲಿಲ್ಲ, ಯಾರೂ ಕೇಳಿಯೇ ಇರಲಿಲ್ಲ. ಅಂದರೆ ಅಕ್ಕನ ಸೀಟನ್ನ ನಾವು ಹಿಂದೆ ಹಾಕೋಕೆ ಜಾಗ ಬಿಟ್ಟಿದ್ದರೂ ಕಟ್ಟೋಕೆ ಆಗ್ತಿರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಿದ್ದು ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. ಅವರ ಕಾರಿಗೆ ದುಡ್ಡಿನ ಕೊರತೆ ಇರಲಿಲ್ಲ.

ಎರಡನೇದು: ಕೂಸನ್ನು ಮುಂದಿನ ಸೀಟಿಗೆ ಕೂರಿಸಬೇಡಿ. ಸೀಟು ಇಲ್ಲದಿದ್ದರೂ ಹಿಂದೆ ಕೂರೋದು ಮುಂದೆ ಕೂರೋದಕ್ಕಿಂತ ವಾಸಿ. ಮರ್ಯಾದೆ ಕೊಡೋದಿದ್ದರೆ ನಮ್ಮಂಥ ಇಬ್ಬರು ಹುಡುಗರು ಇಳಿದು ಬಸ್ಸಿನಲ್ಲಿ ಬರಲಿ.

ಮೂರನೇದು ನಮ್ಮ ಕ್ಲಬ್ಬಿಗೆ ಒಂದು ಸಲಹೆ. ಕೂಸಿನ ಸೀಟು ಒಂದು ಮನೆಯಲ್ಲಿ ಎರಡು ಮೂರು ವರ್ಷ ಬಳಕೆಯಾಗಿ ಆಮೇಲೆ ಅಟ್ಟ ಸೇರುತ್ತೆ. ನಮ್ಮ ಪ್ರೊಫೆಸರ್‌ಗಳ ಮನೆಗಳಲ್ಲೂ, ಬೆಂಗಳೂರಿನ ಅಕ್ಕ ಅಣ್ಣಂದಿರ ಮನೆಗಳಲ್ಲೂ ಇಂಥವು ಇರಬಹುದು. ಅವನ್ನ ಕೂಡಿಸಿ, ಲೈಬ್ರರಿ ಪುಸ್ತಕದ ಹಾಗೆ ಎರವಲು ಕೊಡಬಹುದು. ಊರಿಗೆ ಬರೋರು ಎರಡು ದಿನ ಮುಂಚೆ ಹೇಳಿದರೆ ಏರ್‌ಪೋರ್ಟಿಗೋ ಸ್ಟೇಷನ್ನಿಗೋ ಒಯ್ದು ಕೊಟ್ಟು, ಕಾರಿನಲ್ಲಿ ಕಟ್ಟಿ ತೋರಿಸೋದು. ಇದರಲ್ಲಿ ಎರಡು ಎಚ್ಚರ ಬೇಕು. ಒಮ್ಮೆ ಅಪಘಾತ ಕಂಡ ಸೀಟನ್ನ ಮತ್ತೆ ಬಳಸಬಾರದು, ಕಣ್ಣಿಗೆ ಕಾಣದ ಬಿರುಕು ಇರುತ್ತೆ. ಪ್ಲಾಸ್ಟಿಕ್ಕಿಗೂ ಆಯಸ್ಸಿದೆ, ಸೀಟಿನ ಹಿಂದೆ ತಯಾರಾದ ತಾರೀಕು ಬರೆದಿರುತ್ತೆ, ಅದನ್ನ ನೋಡಲೇಬೇಕು. ಭಾರತದ ಎಐಎಸ್-072 ಅಥವಾ ಯುರೋಪಿನ ಗುರುತು ಇದೆಯಾ ಅಂತಲೂ ನೋಡಬೇಕು. ಇದನ್ನೆಲ್ಲ ಪರೀಕ್ಷೆ ಮಾಡೋಕೆ ಮೆಕ್ಯಾನಿಕಲ್ ಬ್ರ್ಯಾಂಚಿನವರಿಗಿಂತ ಬೇರೆ ಯಾರು ಬೇಕು? ಮಿನಿ ಪ್ರಾಜೆಕ್ಟ್ ಐಡಿಯಾ ಸಿಗ್ತಿಲ್ಲ ಅಂತ ಗೋಳಾಡೋರು ಬೈಕಿನ ಹಾರ್ನೆಸ್ಸನ್ನ ನಮ್ಮ ಬಿಸಿಲಿಗೆ ಒಗ್ಗೋ ಹಾಗೆ, ಕಡಿಮೆ ಬೆಲೆಗೆ ಮಾಡಿ ನೋಡಲಿ.

ಹಾಗಾದರೆ ಅಕ್ಕನ ಪ್ರಶ್ನೆಗೆ ನಮ್ಮ ಉತ್ತರ ಏನು? ವಿಮಾನದಲ್ಲಿ ಕೂಸಿಗೆ ಬೇರೆ ಟಿಕೆಟ್ ತಗೊಳ್ಳೋ ಶಕ್ತಿ ಇದ್ದರೆ, ಕಂಪನಿಯನ್ನ ಮೊದಲೇ ಕೇಳಿ, ಖಂಡಿತ ಅದರ ಸೀಟಿನಲ್ಲೇ ಕೂರಿಸಿ. ಶಕ್ತಿ ಇಲ್ಲದಿದ್ದರೆ ಅಪರಾಧಿ ಭಾವ ಬೇಡ, ತೊಡೆ ಮೇಲೆ ಕೂರಿಸ್ಕೊಂಡು ಬನ್ನಿ, ವಿಮಾನ ನಿಮ್ಮನ್ನ ಕ್ಷೇಮವಾಗಿ ಇಳಿಸುತ್ತೆ. ಆದರೆ ಸೀಟನ್ನ ಮಾತ್ರ ಲಗೇಜಿನಲ್ಲಾದರೂ ಹಾಕಿ ತನ್ನಿ. ಅದರ ನಿಜವಾದ ಕೆಲಸ ಶುರುವಾಗೋದು ಏರ್‌ಪೋರ್ಟ್ ಗೇಟು ದಾಟಿದ ಮೇಲೆ.

ಅಕ್ಕ ಮುಂದಿನ ಸಲ ಬಂದಾಗ ಕರೆತರೋಕೆ ಹೋಗಿದ್ದು ಗೆಳೆಯ ಒಬ್ಬನೇ. ಹಿಂದಿನ ದಿನವೇ ಡ್ರೈವರ್ ಅಣ್ಣನಿಗೆ ಫೋನ್ ಮಾಡಿದ್ವಿ. ಅವನು ಸೀಟ್ ಕವರ್ ಬ್ಲೇಡಿನಿಂದ ಕೊಯ್ದು ಬಕಲ್ ಹೊರಗೆ ತೆಗೆದಿಟ್ಟಿದ್ದ. 'ಇದಕ್ಕ ಐದು ನಿಮಿಷ ಸುದ್ದಾ ಹಿಡೀಲಿಲ್ರಿ' ಅಂದನಂತೆ. ಕೂಸು ಕಮಲಾಪುರದವರೆಗೂ ತನ್ನ ಸೀಟಿನಲ್ಲಿ ನಿದ್ದೆ ಮಾಡ್ತಾ ಬಂತು. ಮನೆಯಲ್ಲಿ ಕೆಂಪು ಬಾಳೆಹಣ್ಣು ತಿಂದು ಮೈಯೆಲ್ಲ ಮೆತ್ತಿಕೊಂಡ ಫೋಟೋ ನಮಗೆ ಬಂತು. ಹಣೆ ಮೇಲೆ ಏನೂ ಇರಲಿಲ್ಲ.

ಮುಂದಿನ ಸಲ ನೀವು ಊರಿಗೆ ಹೋಗೋಕೆ ಕಾರು ಹತ್ತಿದಾಗ ಒಂದು ಸಾರಿ ಸೀಟ್ ಕವರ್ ಕೆಳಗೆ ಕೈ ಹಾಕಿ ನೋಡಿ. ಬಕಲ್ ಸಿಕ್ಕರೆ ಹೊರಗೆ ತೆಗೀರಿ. ನಿಮಗಲ್ಲದಿದ್ದರೂ ನಿಮ್ಮ ನಂತರ ಹತ್ತೋ ಯಾವುದೋ ಕೂಸಿಗೆ ಅದು ಬೇಕಾಗುತ್ತೆ.